ಬಚ್ಚಲು ಕಟ್ಕೊಂಡ್ರೆ ಪುಡಿನಾ, ಪಂಪಾ, ಸ್ಪ್ರಿಂಗ್ ವೈರಾ?

ಮೊದ್ಲೇ ಹೇಳ್ಬಿಡ್ತೀನಿ, ಪೈಪೊಳಗೆ ಇಳಿಸಿ ತಿರುಗಿಸೋ ಉದ್ದನೆ ಸುರುಳಿ ತಂತಿ ಇರತ್ತಲ್ಲ, ನನ್ ಓಟು ಆ ಸ್ಪ್ರಿಂಗ್ ವೈರ್‌ಗೆ. ನಮ್ಮನೇಲಿ ಮೂರು ಜನಕ್ಕೆ ಉದ್ದ ಕೂದ್ಲು, ಭಾನುವಾರ ಎಣ್ಣೆ ಸ್ನಾನ, ಸೀಗೆಪುಡಿ, ಎಲ್ಲಾ ಸೇರ್ಕೊಂಡು ಟ್ರ್ಯಾಪ್ (ಜಾಲರಿ ಕೆಳಗೆ ನೀರು ನಿಲ್ಲೋ ಬಾಗು) ಒಳಗೆ ಹಗ್ಗದ ತರ ಹೊಸ್ಕೊಂಡಿರತ್ತೆ.

ಯುಗಾದಿ ಹಿಂದಿನ ದಿನ ನೀರು ನಿಂತ್ಬಿಡ್ತು. ಅಂಗಡಿಯಿಂದ ಡ್ರೈನ್ ಕ್ಲೀನರ್ ಪುಡಿ ತಂದು ನಿಂತ ನೀರಿಗೇ ಇಡೀ ಪ್ಯಾಕೆಟ್ ಸುರಿದೆ. ಬುಸ್ ಅಂತ ಬಿಸಿ ಹಬೆ ಬಂತು, ಮೂಗು ಉರೀತು, ಅರ್ಧ ಗಂಟೆ ಆದ್ರೂ ನೀರು ಅಲ್ಲಾಡ್ಲಿಲ್ಲ. ಪುಡಿ ತಳಕ್ಕಿಳಿದು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅದಕ್ಕಿಂತ ದೊಡ್ಡ ತಲೆನೋವು ಅಂದ್ರೆ ಈಗ ನಿಂತಿರೋದು ಬರೀ ಕೊಳಕು ನೀರಲ್ಲ, ಆ ಪುಡೀಲಿರೋ ಕಾಸ್ಟಿಕ್ ಸೋಡ (ಚರ್ಮ ಸುಡೋ ಕ್ಷಾರ) ಕರಗಿದ ನೀರು, ಕೈ ಹಾಕೋ ಹಾಗಿಲ್ಲ, ಮಕ್ಕಳನ್ನ ಒಳಗೆ ಬಿಡೋ ಹಾಗಿಲ್ಲ. ಪ್ಲಂಬರ್ ಬಂದವರು ಮೊದ್ಲು ಕೇಳಿದ್ದೇ "ಪುಡಿ ಹಾಕಿದೀರಾ ಮೇಡಂ?" ಅಂತ. ಗ್ಲೌಸ್ ಹಾಕ್ಕೊಂಡು ಮಗ್‌ನಲ್ಲಿ ನೀರು ತೋಡಿ, ಗಡ್ಡೆ ಕೆತ್ತಿ ತೆಗೆದ್ರು, 700 ರೂಪಾಯಿ. ಒಂದು ಹನಿ ಸಿಡಿದು ನನ್ ಮಣಿಕಟ್ಟು ಸುಟ್ಟಿತ್ತು. ಹಬ್ಬದ ಸ್ನಾನ ಮೇಲ್ಮನೆಯವರ ಬಚ್ಚಲಲ್ಲಿ ಆಯ್ತು. ಪುಡಿ ಮೇಲೆ ಟಾಯ್ಲೆಟ್ ಆಸಿಡ್ ಅಂತೂ ಯಾರೂ ಸುರೀಬೇಡಿ.

ಅಡುಗೆ ಸೋಡ, ವಿನಿಗರ್: ನೊರೆ ಬರತ್ತೆ ಅಷ್ಟೇ. ಎರಡೂ ಒಂದನ್ನೊಂದು ಕೊಂದುಹಾಕತ್ತೆ, ಕೂದ್ಲು ಹಾಗೇ ಇರತ್ತೆ.

ರಬ್ಬರ್ ಪಂಪು (ಕೋಲಿನ ತುದೀಲಿ ರಬ್ಬರ್ ಬಟ್ಟಲು ಇರೋದು) ಅಡುಗೆಮನೆ ಸಿಂಕಿಗೆ ಚೆನ್ನಾಗಿದೆ, ಅನ್ನದಗುಳು, ತರಕಾರಿ ಚೂರೆಲ್ಲಾ ನಾಲ್ಕೈದು ಒತ್ತಿಗೆ ಹೋಗತ್ತೆ. ವಾಶ್‌ಬೇಸಿನ್ ಆದ್ರೆ ಮೇಲಿರೋ ಸಣ್ಣ ತೂತಿಗೆ ಒದ್ದೆ ಬಟ್ಟೆ ತುರುಕ್ಬೇಕು, ಇಲ್ದಿದ್ರೆ ಗಾಳಿ ಅಲ್ಲೇ ಹೋಗತ್ತೆ.

ಸ್ಪ್ರಿಂಗ್ ವೈರ್ 5 ಮೀಟರ್‌ದು, ಹಾರ್ಡ್‌ವೇರ್ ಅಂಗಡೀಲಿ 350 ಕೊಟ್ಟೆ. ಜಾಲರಿ ತೆಗೆದು ಇಳಿಸ್ಬೇಕು, ಬೆಂಡ್ ಹತ್ರ ತಡೆದ್ರೆ ಜೋರಾಗಿ ನೂಕ್ಬಾರ್ದು, ಒಂದೇ ಕಡೆಗೆ ತಿರುಗಿಸ್ತಾ ಹೋಗಿ, ಉಲ್ಟಾ ತಿರುಗಿಸಿದ್ರೆ ಸಿಕ್ಕಿದ ಕೂದ್ಲು ಬಿಟ್ಕೊಳತ್ತೆ. ಮೊದಲ ಸಲ ಎಳೆದಾಗ ಜಡೆಯಷ್ಟು ಬಂತು, ನಾತ ತಡ್ಯಕ್ಕಾಗ್ಲಿಲ್ಲ, ಆದ್ರೆ ನೀರು ಗಟಗಟ ಇಳೀತು. ಆಮೇಲೆ ಒಂದು ಬಕೆಟ್ ಬಿಸಿನೀರು, ಕುದಿಯೋದು ಬೇಡ, ಪಿವಿಸಿ ಪೈಪು ಮೆತ್ತಗಾಗತ್ತೆ. ವೈರ್ ತೊಳೆದು ಒಣಗಿಸಿಡ್ಬೇಕು, ತುಕ್ಕು ಹಿಡಿಯತ್ತೆ.

ನಮ್ದು ಬಾಡಿಗೆ ಮನೆ, ಪದೇ ಪದೇ ಪ್ಲಂಬರ್ ಕರೆಯೋಕೆ ಆಗಲ್ಲ, ಅದಕ್ಕೇ ಬಚ್ಚಲಿಗೆ ತಿಂಗಳಿಗೊಂದ್ಸಲ ವೈರು, ಸಿಂಕಿಗೆ ಪಂಪು. ಬಚ್ಚಲು, ಸಿಂಕು ಎರಡೂ ಒಟ್ಟಿಗೇ ನಿಂತ್ರೆ ಮಾತ್ರ ಸಾಮಾನ್ಯವಾಗಿ ಹೊರಗಡೆ ಚೇಂಬರ್ (ಮನೆ ಪೈಪೆಲ್ಲಾ ಬಂದು ಸೇರೋ ಗುಂಡಿ) ಕಟ್ಕೊಂಡಿರತ್ತೆ, ಆಗ ಪ್ಲಂಬರ್‌ನೇ ಕರೀರಿ.