ಬಾಯಲ್ಲಿ ಹಿಡಿಯಲು ಹುಟ್ಟಿದ ನಾಯಿಗೆ ಒಂದು ಕ್ಯಾನ್ವಾಸ್ ಡಮ್ಮಿ

ನೋಡಲು ಇದು ಒಂದು ಹಸಿರು ಕ್ಯಾನ್ವಾಸಿನ ಉರುಟು ಚೀಲ: ಗೇಣಿಗಿಂತ ಸ್ವಲ್ಪ ಉದ್ದ, ಸುಮಾರು ಅರ್ಧ ಕಿಲೋ ತೂಕ, ಒಂದು ತುದಿಯಲ್ಲಿ ಎಸೆಯಲು ಹಗ್ಗ. ಬೇಟೆಯಲ್ಲಿ ಬಿದ್ದ ಹಕ್ಕಿಯ ಬದಲಿಗೆ ಇದನ್ನು ಎಸೆದು, ಎತ್ತಿ ತರುವುದನ್ನು ನಾಯಿಗೆ ಕಲಿಸುತ್ತಾರೆ. ನಮ್ಮ ಕಪ್ಪು ಲ್ಯಾಬ್ರಡಾರ್‌ನ ತರಬೇತಿಗೆ ಎಂಟು ತಿಂಗಳಿಂದ ಇದನ್ನೇ ಬಳಸುತ್ತಿದ್ದೇನೆ. ಪೀಪಿ ಸದ್ದಿನ ಆಟಿಕೆಗಳ ಎದುರು ತೀರಾ ಸಪ್ಪೆಯಾಗಿ ಕಾಣುವ ಈ ಸರಕು ಹೀಗೇ ಏಕಿದೆ ಎಂಬುದು ತಳಿಯ ಕಸುಬನ್ನು ತಿಳಿದರೆ ಮಾತ್ರ ಅರ್ಥವಾಗುತ್ತದೆ.

ಹೆಸರು ಲ್ಯಾಬ್ರಡಾರ್ ಆದರೂ ಇದರ ಮೂಲ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿನ ಮೀನುಗಾರರ ಸೇಂಟ್ ಜಾನ್ಸ್ ನಾಯಿಗಳು ಕೊಕ್ಕೆಯಿಂದ ಜಾರಿದ ಮೀನನ್ನೂ ನೀರಿಗೆ ಬಿದ್ದ ಹಗ್ಗವನ್ನೂ ಈಜಿ ತರುತ್ತಿದ್ದವು. ಮೀನು ಸಾಗಿಸುವ ಹಡಗುಗಳಲ್ಲಿ ಇಂಗ್ಲೆಂಡಿನ ಪೂಲ್ ಬಂದರಿಗೆ ಬಂದ ಈ ನಾಯಿಗಳನ್ನು ಮಾಮ್ಸ್‌ಬರಿಯ ಅರ್ಲ್‌ಗಳು ಬಾತುಬೇಟೆಗೆ ಸಾಕಿದರು. 1880ರ ದಶಕದಲ್ಲಿ ಅವರಿಂದ ಸ್ಕಾಟ್ಲೆಂಡಿನ ಬಕ್ಲೂ ಡ್ಯೂಕರ ಮನೆತನಕ್ಕೆ ಹೋದ ನಾಯಿಗಳಿಂದ ತಳಿ ಗಟ್ಟಿಯಾಯಿತು. 1903ರಲ್ಲಿ ನಾಯಿ ತಳಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಕೆನಲ್ ಕ್ಲಬ್ ಅದಕ್ಕೆ ಮಾನ್ಯತೆ ಕೊಟ್ಟಿತು.

ಬೇಟೆಯಲ್ಲಿ ಇದರ ಪಾಲಿನ ಕೆಲಸ ಓಡಿಸುವುದಲ್ಲ, ಕಾಯುವುದು. ಗುಂಡಿನ ಸದ್ದಿಗೆ ಕದಲದೆ ಕುಳಿತು, ಹಕ್ಕಿ ಬಿದ್ದ ಜಾಗವನ್ನು ಕಣ್ಣಲ್ಲಿ ಗುರುತಿಟ್ಟುಕೊಂಡು, ಅಪ್ಪಣೆಯಾದ ಮೇಲೆ ಹೋಗಿ, ಹಲ್ಲು ನಾಟದಂತೆ ಎತ್ತಿ ತಂದು ಕೈಗೇ ಒಪ್ಪಿಸಬೇಕು. ಕಚ್ಚಿದಷ್ಟೂ ಕೂಗುವ ಆಟಿಕೆ ಇದಕ್ಕೆ ತದ್ವಿರುದ್ಧವಾದ ಪಾಠವನ್ನೇ ಕಲಿಸುತ್ತದೆ. ಡಮ್ಮಿಯಾದರೋ ತಪ್ಪನ್ನು ತಾನೇ ತಿದ್ದುತ್ತದೆ: ನಮ್ಮ ನಾಯಿ ಮೊದಲೆರಡು ದಿನ ಹಗ್ಗವನ್ನು ಕಚ್ಚಿ ಎಳೆದು ತಂದಾಗ ಚೀಲವು ಮುಂಗಾಲಿಗೆ ಬಡಿದು ಬಡಿದು ದಾರಿಯಲ್ಲೇ ಬೀಳುತ್ತಿತ್ತು, ಮೂರನೆಯ ದಿನ, ನಾನು ಏನನ್ನೂ ಹೇಳದಿದ್ದರೂ, ಅದು ನಟ್ಟನಡುವೆ ಬಾಯಿ ಹಾಕಿ ತಲೆಯೆತ್ತಿ ಬಂತು.

ಬಣ್ಣದ ವಿಚಾರದಲ್ಲಿ ಕೊಳ್ಳುವವರು ಸ್ವಲ್ಪ ಯೋಚಿಸಬೇಕು. ನಾಯಿಗೆ ಕೆಂಪು ಹಸಿರುಗಳ ಭೇದ ಸರಿಯಾಗಿ ತಿಳಿಯದ ಕಾರಣ ಹುಲ್ಲಿನಲ್ಲಿ ಬಿದ್ದ ಕಿತ್ತಳೆ ಡಮ್ಮಿ ನಮಗೆ ಎದ್ದು ಕಂಡರೂ ಅದಕ್ಕೆ ಕಾಣುವುದು ಕಷ್ಟ. ಮೂಗಿನಿಂದ ಹುಡುಕುವುದನ್ನು ಕಲಿಸಲು ಅದೇ ಅನುಕೂಲ. ಬಿದ್ದ ಜಾಗವನ್ನು ನೋಡಿ ನೆನಪಿಡುವ ಪಾಠಕ್ಕೆ ಬಿಳಿಯದು ಮೇಲು. ಹಸಿರನ್ನೇ ಆರಿಸಿದ ನಾನು ಮೊದಲ ವಾರ ನಾಯಿಗಿಂತ ಹೆಚ್ಚು ಹುಡುಕಿದೆ.

ದೂರು ಇಲ್ಲದಿಲ್ಲ. ಎಷ್ಟು ಹೊತ್ತಾದರೂ ತೇಲುತ್ತದೆ ಎಂದು ತಯಾರಕರು ಚೀಟಿಯಲ್ಲಿ ಬರೆದಿದ್ದರು. ಕೆರೆಯಲ್ಲಿ ಇಪ್ಪತ್ತು ನಿಮಿಷ ಕಳೆಯುವುದರೊಳಗೆ ಒಳಗಿನ ಮರದ ಹೊಟ್ಟು ನೀರು ಕುಡಿದು ಡಮ್ಮಿಯ ಅಂಚು ಮಾತ್ರ ಮೇಲುಳಿಯಿತು, ಒಣಗಲು ಎರಡು ದಿನ ಬೇಕಾಯಿತು, ಮುಗ್ಗಲು ವಾಸನೆ ಇನ್ನೂ ಹೋಗಿಲ್ಲ. ಐದನೆಯ ತಿಂಗಳಲ್ಲಿ ಹಗ್ಗದ ಬುಡದ ಹೊಲಿಗೆಯೂ ಬಿಟ್ಟಿತು. ದಪ್ಪ ನೂಲಿನಿಂದ ನಾನೇ ಹೊಲಿದಿದ್ದೇನೆ. ಬಟ್ಟೆಯಲ್ಲಿ ಮಾತ್ರ ಈವರೆಗೆ ಒಂದು ತೂತೂ ಇಲ್ಲ, ಅದರ ಶ್ರೇಯಸ್ಸಿನಲ್ಲಿ ಅರ್ಧ ನಾಯಿಯ ಬಾಯಿಗೆ ಸಲ್ಲಬೇಕು. ನೀರಿನ ಅಭ್ಯಾಸವೇ ಮುಖ್ಯವಾದವರು ಪ್ಲಾಸ್ಟಿಕ್ಕಿನ ತೇಲುವ ಡಮ್ಮಿಯನ್ನು ಕೊಳ್ಳುವುದು ಒಳ್ಳೆಯದು. ನೆಲದ ಮೇಲಿನ ಅಭ್ಯಾಸಕ್ಕೆ ಇದನ್ನು ಸಂಕೋಚವಿಲ್ಲದೆ ಕೊಳ್ಳಬಹುದು. ಆದರೆ ಜಗಿಯಲು ಕೊಟ್ಟು ಬಿಡಬಾರದು. ನಮ್ಮದು ಅಭ್ಯಾಸ ಮುಗಿದೊಡನೆ ಬಾಗಿಲ ಹಿಂದಿನ ಮೊಳೆಗೇರುತ್ತದೆ, ನಾಯಿ ಅದರ ಕೆಳಗೇ ಮಲಗುತ್ತದೆ.