ಬೇರೆ ರಾಜ್ಯದ ಟಿಇಟಿಯನ್ನು ಕರ್ನಾಟಕಕ್ಕೆ ‘ವರ್ಗಾಯಿಸಿಕೊಡುತ್ತೇವೆ’ ಎನ್ನುವವರಿಗೆ ಹಣ ಕಟ್ಟಬೇಡಿ

ನೆರೆರಾಜ್ಯದಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಿ, ಮದುವೆಯಿಂದಲೋ ಮನೆಯವರ ಕೆಲಸದಿಂದಲೋ ಕರ್ನಾಟಕಕ್ಕೆ ಬಂದಿರುವವರು ದಯವಿಟ್ಟು ಇದನ್ನು ಓದಬೇಕು. ನಾನು ಕಾಸರಗೋಡಿನವಳು. ಕನ್ನಡ ಮಾಧ್ಯಮದಲ್ಲೇ ಓದಿ, ಬಿ.ಎಡ್. ಮುಗಿಸಿ, ಕೇರಳದ ಟಿಇಟಿಯಾದ ಕೆ-ಟೆಟ್‌ನ ಕೆಟಗರಿ 2ರಲ್ಲಿ (ಹಿರಿಯ ಪ್ರಾಥಮಿಕ ತರಗತಿಗಳ ವಿಭಾಗ) ಉತ್ತೀರ್ಣಳಾಗಿದ್ದೆ. ಮದುವೆಯಾಗಿ ಪುತ್ತೂರಿಗೆ ಬಂದ ಮೇಲೆ, ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ತರಬೇತಿ ಕೊಡುವ ಕೇಂದ್ರವೊಂದರವರು, “ಟಿಇಟಿ ಇಡೀ ದೇಶಕ್ಕೆ ಒಂದೇ ಮೇಡಂ, ಬೆಂಗಳೂರಿನಿಂದ ತತ್ಸಮಾನ ಪತ್ರ ತರಿಸಿಕೊಡುತ್ತೇವೆ, ನೀವು ಮತ್ತೆ ಪರೀಕ್ಷೆ ಬರೆಯಬೇಕಾಗಿಲ್ಲ” ಎಂದು ಹೇಳಿ ಹಣ ಕಟ್ಟಿಸಿಕೊಂಡರು. ಆ ಸಲದ ಕರ್ನಾಟಕ ಟಿಇಟಿಗೆ ಅರ್ಜಿ ಹಾಕುವ ಕೊನೆಯ ದಿನ ಹಾಗೆಯೇ ದಾಟಿಹೋಯಿತು. ಕೊನೆಗೆ ಕೈಗೆ ಬಂದ ಪತ್ರದಲ್ಲಿ ದುಂಡು ಮೊಹರು ಇತ್ತು. ಕಡತ ಸಂಖ್ಯೆ ಇರಲಿಲ್ಲ, ಸಹಿಯ ಕೆಳಗೆ ಪದನಾಮವೂ ಇರಲಿಲ್ಲ. ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ತೋರಿಸಿದಾಗ, ಅಂಥ ಪತ್ರ ಕೊಡುವ ಪದ್ಧತಿಯೇ ಇಲ್ಲವೆಂದು ತಿಳಿಯಿತು.

ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿ) 2011ರ ಫೆಬ್ರವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಒಂದು ರಾಜ್ಯ ಸರ್ಕಾರ ನಡೆಸುವ ಟಿಇಟಿ ಆ ರಾಜ್ಯದ ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಗಳಿಗೆ ಅನ್ವಯಿಸುತ್ತದೆ. ಕೇಂದ್ರ ಸರ್ಕಾರದ ಶಾಲೆಗಳಿಗೆ ಕೇಂದ್ರದ ಟಿಇಟಿಯಾದ ಸಿಟಿಇಟಿ ಬೇಕು. ನಮ್ಮ ಬಿ.ಎಡ್., ಡಿ.ಎಲ್.ಎಡ್.ನಂಥ ಶಿಕ್ಷಕರ ತರಬೇತಿಯ ಅರ್ಹತೆಗಳು ಮಾನ್ಯತೆ ಪಡೆದ ಸಂಸ್ಥೆಯದ್ದಾಗಿದ್ದರೆ ರಾಜ್ಯ ಬದಲಾದರೂ ನಡೆಯುತ್ತವೆ, ಟಿಇಟಿ ಹಾಗೆ ತಾನಾಗಿಯೇ ನಡೆಯುವುದಿಲ್ಲ; ಬೇರೆ ರಾಜ್ಯದ್ದನ್ನು ಒಪ್ಪುವುದು ನೇಮಕ ಮಾಡಿಕೊಳ್ಳುವವರಿಗೆ ಬಿಟ್ಟದ್ದು. ಈ ವ್ಯತ್ಯಾಸವನ್ನೇ ಮರೆಮಾಚಿ ಜನರನ್ನು ನಂಬಿಸುತ್ತಾರೆ. ಪ್ರಮಾಣಪತ್ರದ ಸಿಂಧುತ್ವವನ್ನು ಏಳು ವರ್ಷದಿಂದ ಜೀವಿತಾವಧಿಗೆ ವಿಸ್ತರಿಸಿದ 2021ರ ಪ್ರಕಟಣೆಯನ್ನೂ ನನಗೆ ಮೊಬೈಲಿನಲ್ಲಿ ತೋರಿಸಿದ್ದರು. ಅದು ಅವಧಿಯ ಮಾತೇ ಹೊರತು ರಾಜ್ಯದ ಗಡಿಯ ಮಾತಲ್ಲ.

ಆದ್ದರಿಂದ ಮೊದಲು ನೇಮಕಾತಿಯ ಅಧಿಸೂಚನೆಯಲ್ಲಿ ಅರ್ಹತೆಯ ಕಲಮನ್ನು ಸ್ವತಃ ಓದಿ, ಯಾವ ಟಿಇಟಿ, ಅದರ ಯಾವ ಪ್ರಶ್ನೆಪತ್ರಿಕೆ ಎಂದು ನೋಡಿಕೊಂಡು, ಮುಂದಿನ ಕರ್ನಾಟಕ ಟಿಇಟಿಗೆ ಅರ್ಜಿ ಹಾಕಿರಿ. ಸಿಟಿಇಟಿ ಬರೆಯುವ ಯೋಚನೆಯಿದ್ದರೆ, ಅಲ್ಲಿ ಭಾಷೆಯಾಗಿ ಕನ್ನಡವನ್ನು ಆರಿಸಿಕೊಳ್ಳಬಹುದಾದರೂ ಉಳಿದ ವಿಷಯಗಳ ಪ್ರಶ್ನೆಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಬರುತ್ತವೆ ಎಂಬುದು, ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಂಥವರಿಗೆ ಗೊತ್ತಿರಬೇಕು.

ಈಗಾಗಲೇ ಹಣ ಕಟ್ಟಿದವರು ರಸೀದಿಯನ್ನು ತೆಗೆದು ನೋಡಿರಿ. ನನ್ನದರಲ್ಲಿ ‘ತರಬೇತಿ ಶುಲ್ಕ’ ಎಂದಷ್ಟೇ ಬರೆದಿದ್ದಾರೆ, ಪತ್ರದ ಪ್ರಸ್ತಾಪವೇ ಇಲ್ಲ. ಅವರೊಂದಿಗೆ ನಡೆದ ವಾಟ್ಸ್‌ಆಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡಿದ್ದರಿಂದ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ನನಗೆ ಆಧಾರ ಸಿಕ್ಕಿದೆ. ನೀವೂ ಅವನ್ನು ಉಳಿಸಿಕೊಳ್ಳಿರಿ.