ಇಂಡಕ್ಷನ್, ಐದು ಕೆ.ಜಿ. ಸಿಲಿಂಡರ್, ಮೆಸ್: ತುಮಕೂರಿನ ರೂಮಿಗೆ ಯಾವುದು ಸರಿ?

ತುಮಕೂರಿನಲ್ಲಿ ರೂಮ್ ಹುಡುಕುವವರು ಕೇಳುವುದು ಮೂರೇ ಪ್ರಶ್ನೆ: ಕಾಲೇಜಿಗೆ ಎಷ್ಟು ದೂರ, ಅಡ್ವಾನ್ಸ್ ಎಷ್ಟು, ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ. ಗೋಡೆಯ ಪ್ಲಗ್ ಪಾಯಿಂಟ್ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ. ಮುಂದಿನ ಹತ್ತು ತಿಂಗಳ ಊಟ ಹೇಗೆ ನಡೆಯುತ್ತದೆ ಅನ್ನುವುದು ಆ ಪ್ಲಗ್ಗಿನ ಮೇಲೆ, ಅದರ ಹಿಂದಿನ ಮೀಟರ್ ಯಾರ ಹೆಸರಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಒಲೆಯ ಬ್ರ್ಯಾಂಡ್ ಆಮೇಲಿನ ಮಾತು.

ಇಲ್ಲಿ ಹೋಲಿಸಿರುವುದು ಇಬ್ಬರು ಇರುವ ರೂಮಿನ ಅಡುಗೆಯನ್ನು. ಬೆಳಿಗ್ಗೆ ಉಪ್ಪಿಟ್ಟು ಅಥವಾ ಚಿತ್ರಾನ್ನ, ರಾತ್ರಿ ಮುದ್ದೆ-ಸಾರು ಇಲ್ಲವೇ ಅನ್ನ-ಸಾರು, ದಿನಕ್ಕೆ ಎರಡು ಸಲ ಟೀ. ಮಧ್ಯಾಹ್ನ ಡಬ್ಬಿ ಅಥವಾ ಕ್ಯಾಂಟೀನ್. ಒಬ್ಬರೇ ಇದ್ದರೆ ಈ ಲೆಕ್ಕ ಅರ್ಧ ಆಗುವುದಿಲ್ಲ, ಮುಕ್ಕಾಲು ಆಗುತ್ತದೆ. ಎರಡು ಲೋಟ ಅಕ್ಕಿಗೆ ಬೇಕಾಗುವ ಕರೆಂಟಿನ ಅರ್ಧದಲ್ಲಿ ಒಂದು ಲೋಟ ಅಕ್ಕಿ ಬೇಯುವುದಿಲ್ಲ.

ಮೊದಲು ಇಂಡಕ್ಷನ್. ಅಂಗಡಿಯಲ್ಲಿ 1200 ವಾಟ್‌ನಿಂದ 2100 ವಾಟ್‌ವರೆಗೆ ಸಿಗುತ್ತದೆ, 'ದೊಡ್ಡದು ಬೇಗ ಬೇಯಿಸುತ್ತೆ' ಅಂತ ಸೇಲ್ಸ್‌ನವರು 2000 ವಾಟ್‌ನದು ತೋರಿಸುತ್ತಾರೆ. ರೂಮಿನಲ್ಲಿ ಇರುವುದು ಬಹುತೇಕ 6 ಆಂಪಿಯರ್‌ನ ಸಣ್ಣ ಮೂರು ಪಿನ್ ಪಾಯಿಂಟ್. 230 ವೋಲ್ಟ್‌ಗೆ 6 ಆಂಪಿಯರ್ ಅಂದರೆ 1380 ವಾಟ್, ಅಲ್ಲಿಗೆ ಅದರ ಶಕ್ತಿ ಮುಗಿಯಿತು. 2000 ವಾಟ್‌ನ ಒಲೆ ಎಳೆಯುವುದು ಸುಮಾರು 8.7 ಆಂಪಿಯರ್. ಅದರ ದಪ್ಪ ಪಿನ್ ಸಣ್ಣ ಪಾಯಿಂಟಿಗೆ ಹೋಗುವುದಿಲ್ಲ ಅಂತ ಕನ್ವರ್ಷನ್ ಪ್ಲಗ್ ತಂದು ಸಿಕ್ಕಿಸುತ್ತಾರೆ, ಎಡವಟ್ಟು ಶುರುವಾಗುವುದೇ ಅಲ್ಲಿಂದ. ಒಂದೆರಡು ವಾರ ಏನೂ ಆಗುವುದಿಲ್ಲ. ಪಿನ್ನು ದಿನಾ ಕಾದು ಕಾದು ಸಾಕೆಟ್ ಒಳಗಿನ ಹಿತ್ತಾಳೆ ಹಿಡಿತ ಸಡಿಲವಾಗುತ್ತದೆ, ಸಡಿಲವಾದಷ್ಟೂ ಇನ್ನೂ ಕಾಯುತ್ತದೆ. ಕೊನೆಗೆ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತದೆ. ಓನರ್ ಆಗ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವುದು ಸಾಕೆಟ್ಟಿಗೆ ಮಾತ್ರ ಅಲ್ಲ, 'ವೈರಿಂಗ್ ಪೂರ್ತಿ ಹೋಯ್ತು' ಅಂತ.

ಪರೀಕ್ಷೆ ಸುಲಭ. ಹತ್ತು ನಿಮಿಷ ಉರಿಸಿ, ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಪಿನ್ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ತೊಂದರೆ ಇಲ್ಲ, ಬೆರಳು ಇಡಲಾಗದಿದ್ದರೆ ಆ ಪಾಯಿಂಟ್ ಅಡುಗೆಗೆ ಆಗುವುದಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸ್ ಹಾಕುವುದಂತೂ ಬೇಡವೇ ಬೇಡ. ಮೊಬೈಲ್ ಚಾರ್ಜಿಗೆ ಮಾರುವ ಬಾಕ್ಸಿನ ವೈರು ದಾರದಷ್ಟು ತೆಳ್ಳಗಿರುತ್ತದೆ. ಗೀಸರ್‌ಗೆಂದು ಬಚ್ಚಲಿನ ಹೊರಗೆ 16 ಆಂಪಿಯರ್ ಪಾಯಿಂಟ್ ಇದ್ದರೆ ಅಡುಗೆ ಅಲ್ಲೇ ಮಾಡಿ, ನೋಡಲು ಚೆನ್ನಾಗಿರದಿದ್ದರೂ ಪರವಾಗಿಲ್ಲ. ಅದೂ ಇಲ್ಲದಿದ್ದರೆ 1200 ವಾಟ್‌ನ ಒಲೆ ತಗೊಳ್ಳಿ. ಇಬ್ಬರಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ.

ಪಾತ್ರೆಗೆ ಅಯಸ್ಕಾಂತ ಹಿಡಿದು ನೋಡಿ, ತಳಕ್ಕೆ ಗಟ್ಟಿಯಾಗಿ ಅಂಟಬೇಕು. ಊರಿಂದ ತಂದ ಅಲ್ಯೂಮಿನಿಯಂ ಪಾತ್ರೆ, ಹಳೇ ಕುಕ್ಕರ್ ಯಾವುದೂ ನಡೆಯುವುದಿಲ್ಲ. ಇಂಡಕ್ಷನ್ ತಳದ 3 ಲೀಟರ್ ಕುಕ್ಕರ್ ಒಂದು, ದಪ್ಪ ತಳದ ಸ್ಟೀಲ್ ಪಾತ್ರೆ ಒಂದು ಇದ್ದರೆ ಸಾಕು. ಕುಕ್ಕರಿಗೆ ಬೇಳೆ ಹಾಕಿದರೆ ಮೂರನೇ ಒಂದು ಭಾಗ ದಾಟಬಾರದು, ಅಕ್ಕಿಯಾದರೆ ಅರ್ಧ. ದಾಟಿದರೆ ನೊರೆ ಉಕ್ಕಿ ವೆಯಿಟ್ ಕಟ್ಟಿಕೊಳ್ಳುತ್ತದೆ. ಮೊದಲ ವಿಶಲ್ ಬಂದ ಮೇಲೆ 600 ವಾಟ್‌ಗೆ ಇಳಿಸಿ. 1200ರಲ್ಲೇ ಬಿಟ್ಟರೆ ನೀರೆಲ್ಲ ಆವಿಯಾಗಿ ಹೋಗುತ್ತದೆ, ಬೇಳೆ ಬೇಯುವುದಿಲ್ಲ.

ಇನ್ನು ಮುದ್ದೆ. ಈ ಕಡೆಯ ಹುಡುಗರಿಗೆ ಒಲೆಯ ನಿಜವಾದ ಪರೀಕ್ಷೆ ಇದೇ, ಇಂಡಕ್ಷನ್ ಸೋಲುವುದೂ ಇಲ್ಲೇ. ಸೋಲಿಗೆ ಎರಡು ಕಾರಣ. ಅಗ್ಗದ ಇಂಡಕ್ಷನ್‌ಗೆ ಸಣ್ಣ ಉರಿ ಅಂತ ಇಲ್ಲ. 400 ವಾಟ್‌ಗೆ ಇಟ್ಟರೆ ಕೆಲವು ಸೆಕೆಂಡು ಜೋರಾಗಿ ಉರಿದು ಕೆಲವು ಸೆಕೆಂಡು ನಿಲ್ಲುತ್ತದೆ. ಹಿಟ್ಟು ಹಬೆಯಲ್ಲಿ ಬೇಯುವ ಬದಲು ತಳ ಹಿಡಿಯುತ್ತದೆ. ಎರಡನೆಯದು, ಕೋಲು ಹಾಕಿ ತೊಳಸುವಾಗ ಪಾತ್ರೆ ಗಾಜಿನ ಮೇಲೆ ಜಾರುತ್ತದೆ. ಒತ್ತಿ ಹಿಡಿದರೆ ಗಾಜು ಬಿರುಕು ಬಿಡುವ ಭಯ.

ದಾರಿ ಇದೆ. ಎರಡು ಮುದ್ದೆಗೆ 200 ಗ್ರಾಂ ಹಿಟ್ಟು, 430ರಿಂದ 450 ಎಂ.ಎಲ್. ನೀರು. ತಣ್ಣೀರಿನಲ್ಲೇ ಒಂದು ಚಮಚ ಹಿಟ್ಟು ಕದಡಿ ಎಸರಿಡಿ, ಉಪ್ಪು ಹಾಕುವವರು ಚಿಟಿಕೆ ಹಾಕಿ. 1000 ವಾಟ್‌ನಲ್ಲಿ ಎಸರು ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ನಟ್ಟನಡುವೆ ಒಂದು ತೂತು ಮಾಡಿ, 600 ವಾಟ್‌ಗೆ ಇಳಿಸಿ, ಐದು ನಿಮಿಷ ಮುಟ್ಟಬೇಡಿ. ಆ ತೂತಿನಿಂದ ಎಸರು ಮೇಲೆ ಉಕ್ಕುತ್ತಾ ಹಿಟ್ಟನ್ನು ಬೇಯಿಸುತ್ತದೆ. ಆಮೇಲೆ ಒಲೆ ಆಫ್ ಮಾಡಿ ಪಾತ್ರೆಯನ್ನು ನೆಲಕ್ಕಿಳಿಸಿ, ಒದ್ದೆ ಗೋಣಿಚೀಲ ಅಥವಾ ದಪ್ಪ ಬಟ್ಟೆಯ ಸಿಂಬಿ ಮೇಲಿಟ್ಟು ಗಂಟಿಲ್ಲದಂತೆ ತೊಳಸಿ. ಮತ್ತೆ ಒಲೆಗಿಟ್ಟು ಮುಚ್ಚಿ ಒಂದೇ ನಿಮಿಷ, ಆಫ್ ಮಾಡಿ ಇನ್ನೆರಡು ನಿಮಿಷ ಹಾಗೇ ಬಿಡಿ. ಕೈ ಒದ್ದೆ ಮಾಡಿ ಕಟ್ಟಿ. ಗಂಟಾದರೆ ತಪ್ಪು ಒಲೆಯದ್ದಲ್ಲ, ಹಿಟ್ಟು ಹಾಕಿದ ಕೂಡಲೇ ಕಲಕಿದ್ದೀರಿ. ಕೈಗೆ ಅಂಟಿದರೆ ಬೆಂದಿಲ್ಲ.

ಅನ್ನಕ್ಕೆ ಮಾತ್ರ ಇಂಡಕ್ಷನ್‌ಗಿಂತ 1 ಲೀಟರ್‌ನ ರೈಸ್ ಕುಕ್ಕರ್ ಮೇಲು. 400 ವಾಟ್ ಅಷ್ಟೇ, ಸಣ್ಣ ಪಾಯಿಂಟ್ ಸಾಕು, ಬೆಂದ ಮೇಲೆ ತಾನೇ 'ವಾರ್ಮ್'ಗೆ ಹೋಗುತ್ತದೆ. ಅಸೈನ್‌ಮೆಂಟ್ ಬರೆಯುತ್ತಾ ಕೂತವರಿಗೆ ಇದೇ ದೊಡ್ಡ ಉಪಕಾರ. ಮನೆಯಿಂದ ತರುವ ರೇಷನ್ ಅಕ್ಕಿಗೆ ಲೋಟಕ್ಕೆ ಎರಡೂವರೆ ಲೋಟ ನೀರು, ಇಪ್ಪತ್ತು ನಿಮಿಷ ನೆನೆಸಿಡಬೇಕು. ಸೋನಾ ಮಸೂರಿಗೆ ಎರಡು ಲೋಟ ಸಾಕು. ಅನ್ನಭಾಗ್ಯದಲ್ಲಿ ಹೆಚ್ಚುವರಿ 5 ಕೆ.ಜಿ.ಗೆ ಬದಲು ತಲೆಗೆ 170 ರೂ. ಕೊಡುತ್ತಿದ್ದಾಗ ಆ ದುಡ್ಡು ಮನೆಯ ಯಜಮಾನಿಯ ಖಾತೆಗೆ ಹೋಗುತ್ತಿತ್ತು. 2025ರ ಫೆಬ್ರುವರಿಯಿಂದ ಅಕ್ಕಿಯೇ ಬರಲು ಶುರುವಾದ ಮೇಲೆ ಊರಿಂದ ಬರುವ ಚೀಲಗಳ ತೂಕವೂ ಏರಿತು. ದುಡ್ಡೋ ಅಕ್ಕಿಯೋ ಅನ್ನುವ ಚರ್ಚೆಯಲ್ಲಿ ರೂಮಿನವರ ಮತ ಅಕ್ಕಿಗೇ.

ಕರೆಂಟಿನ ಲೆಕ್ಕಕ್ಕೆ ಬರೋಣ. ಮೇಲೆ ಹೇಳಿದ ಅಡುಗೆಗೆ ದಿನಕ್ಕೆ 0.7ರಿಂದ 0.8 ಯೂನಿಟ್, ತಿಂಗಳಿಗೆ 21ರಿಂದ 24. ಎಲ್ಲರೂ ಬೈಯುವುದು ಇಂಡಕ್ಷನ್ನನ್ನು. ಆದರೆ 15 ಲೀಟರ್ ಬಕೆಟ್ ನೀರನ್ನು 22 ಡಿಗ್ರಿಯಿಂದ 45ಕ್ಕೆ ಕಾಯಿಸಲು 0.4 ಯೂನಿಟ್ ಬೇಕು. ಇಬ್ಬರೂ ದಿನಾ ಬಿಸಿನೀರಿನ ಸ್ನಾನ ಮಾಡಿದರೆ ಅದೇ ತಿಂಗಳಿಗೆ 24 ಯೂನಿಟ್, ಅಡುಗೆಯಷ್ಟೇ! ಫ್ಯಾನು, ಲೈಟು, ಲ್ಯಾಪ್‌ಟಾಪ್ ಸೇರಿದರೆ 58ರ ಗಡಿ ಮುಟ್ಟುವುದು ಬಚ್ಚಲಿನಿಂದ.

58 ಯಾಕೆ? ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತ ಅನ್ನುವುದು ಗರಿಷ್ಠ ಮಿತಿ ಮಾತ್ರ. ಹಳೆಯ ಬಳಕೆದಾರರಿಗೆ ಅವರ ವರ್ಷದ ಸರಾಸರಿ, ಅದರ ಮೇಲೆ ಶೇ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಿಂದ ಶೇ 10ರ ಬದಲು 10 ಯೂನಿಟ್). ಹೊಸ ಮನೆಗೆ, ಹೊಸ ಬಾಡಿಗೆದಾರರಿಗೆ ಹಳೆಯ ಲೆಕ್ಕ ಇಲ್ಲದ್ದರಿಂದ ರಾಜ್ಯದ ಸರಾಸರಿ 53 ಯೂನಿಟ್‌ಗೆ ಶೇ 10 ಸೇರಿಸಿ 58. ಅದನ್ನು ದಾಟಿದರೆ ದಾಟಿದಷ್ಟಕ್ಕೆ ಹಣ, 200 ದಾಟಿದರೆ ಪೂರ್ತಿ ಬಿಲ್. ರೂಮಿಗೆ ಪ್ರತ್ಯೇಕ ಆರ್.ಆರ್. ನಂಬರ್ (ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) ಇದ್ದರೆ ನಿಮ್ಮ ಆಧಾರ್ ಕೊಟ್ಟು ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ನೋಂದಾಯಿಸಬಹುದು. ಹಳೆಯ ಬಾಡಿಗೆದಾರರ ಆಧಾರ್ ಇನ್ನೂ ಜೋಡಿಸಿದ್ದರೆ ಅವರು ಮೊದಲು ಡಿ-ಲಿಂಕ್ ಮಾಡಬೇಕು.

ವಿದ್ಯಾರ್ಥಿಗಳ ರೂಮುಗಳು ಬಹುಪಾಲು ಒಂದೇ ಮೀಟರಿನ ಕೆಳಗೆ ಸಬ್ ಮೀಟರ್ ಹಾಕಿದ ಸಾಲುಮನೆಗಳು. ಅಲ್ಲಿ ನಮಗೆ ಗೃಹಜ್ಯೋತಿಯೂ ಇಲ್ಲ, ಬೆಸ್ಕಾಂ ದರವೂ ಇಲ್ಲ. 2025-26ರಲ್ಲಿ ಬೆಸ್ಕಾಂನ ಮನೆಬಳಕೆ ದರ ಯೂನಿಟ್‌ಗೆ 5.80 ರೂ., ವಿದ್ಯುತ್ ನೌಕರರ ಪಿಂಚಣಿಗೆಂದು ಸರ್‌ಚಾರ್ಜ್ 36 ಪೈಸೆ ಇತ್ತು. ಓನರ್ ಬರೆದುಕೊಡುವ ಚೀಟಿಯಲ್ಲಿ 8 ಅಥವಾ 10. 'ಎಲ್ಲ ಫ್ರೀ ಕೊಟ್ಟು ಹಾಳು ಮಾಡಿದರು' ಅಂತ ಟೀ ಅಂಗಡಿಯಲ್ಲಿ ವಾದ ಮಾಡುವ ಸಹಪಾಠಿಗಳಿಗೂ 'ಬಡವರಿಗೆ ಸಿಗಲಿ ಬಿಡಿ' ಅನ್ನುವವರಿಗೂ ಕೇಳಬೇಕಾದದ್ದು ಒಂದೇ: ನಿಮ್ಮ ರೂಮಿನ ಮೀಟರ್ ಯಾವುದು? ಯೋಜನೆ ಬೇಕೋ ಬೇಡವೋ ಆಮೇಲೆ ನೋಡೋಣ, ಸಬ್ ಮೀಟರ್‌ಗೆ ದರದ ಮಿತಿ ಇರಲೇಬೇಕು ಅನ್ನುವುದು ನಮ್ಮ ವಾದ.

ಈಗ ಸಿಲಿಂಡರ್. ವಿಳಾಸದ ಪುರಾವೆ ಇಲ್ಲದೆ, ಗುರುತಿನ ಚೀಟಿ ತೋರಿಸಿ ಏಜೆನ್ಸಿಯಲ್ಲೇ ಕೊಳ್ಳಬಹುದಾದ 5 ಕೆ.ಜಿ.ಯ ಸಿಲಿಂಡರ್ ಇದೆ. ಇಂಡಿಯನ್ ಆಯಿಲ್‌ನದಕ್ಕೆ 'ಛೋಟು' ಅಂತ ಹೆಸರು. ಸಬ್ಸಿಡಿ ಇಲ್ಲ, ಕೆ.ಜಿ. ಲೆಕ್ಕದಲ್ಲಿ ಮನೆಯ 14.2 ಕೆ.ಜಿ. ಸಿಲಿಂಡರಿಗಿಂತ ದುಬಾರಿ. ಇಬ್ಬರಿಗೆ 35-40 ದಿನ ಬರುತ್ತದೆ. ಐದು ಕೆ.ಜಿ. ಅನಿಲದಲ್ಲಿ ಸುಮಾರು 64 ಯೂನಿಟ್‌ನಷ್ಟು ಶಾಖ ಇದ್ದರೂ ಪಾತ್ರೆಗೆ ತಲುಪುವುದು ಹೆಚ್ಚೆಂದರೆ ಶೇ 60. ಸಣ್ಣ ಪಾತ್ರೆಯ ಸುತ್ತ ಉರಿ ಹೊರಗೆ ಚಾಚಿದರೆ ಶೇ 40. ಇಂಡಕ್ಷನ್‌ನಲ್ಲಿ ಶೇ 85ರಷ್ಟು ತಲುಪುತ್ತದೆ. ಹಾಗಾಗಿ ಐದು ಕೆ.ಜಿ.ಯ ಕೆಲಸ ಇಂಡಕ್ಷನ್‌ನಲ್ಲಿ 30ರಿಂದ 45 ಯೂನಿಟ್‌ನಲ್ಲಿ ಮುಗಿಯುತ್ತದೆ. ಯೂನಿಟ್‌ಗೆ 10 ರೂ. ಕೊಟ್ಟರೂ 300ರಿಂದ 450. ರೀಫಿಲ್ ಬಿಲ್ಲನ್ನು ಇದರ ಪಕ್ಕ ಇಟ್ಟು ನೋಡಿ.

ದುಡ್ಡಿನಲ್ಲಿ ಸೋತರೂ ಮುದ್ದೆ, ಒಗ್ಗರಣೆ, ರೊಟ್ಟಿಗೆ ಗ್ಯಾಸಿನ ಸಮ ಇಲ್ಲ. ಮುಂಗಾರು ಮೊದಲ ಗಾಳಿಗೆ ಕರೆಂಟು ಹೋದ ರಾತ್ರಿಯೂ ಊಟ ನಿಲ್ಲುವುದಿಲ್ಲ. ಮೂರು-ನಾಲ್ಕು ಜನ ಇದ್ದು ದಿನಾ ಮುದ್ದೆ ತಿನ್ನುವವರಾದರೆ, ಕಿಟಕಿ ಇರುವ ಪ್ರತ್ಯೇಕ ಅಡುಗೆಮನೆ ಇದ್ದರೆ, ಇದನ್ನೇ ತಗೊಳ್ಳಿ. ಒಂದೇ ಕೋಣೆಯಲ್ಲಿ ಮಂಚದ ಪಕ್ಕ ಇಡುವುದಾದರೆ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗದೆ ನೆಲದಲ್ಲೇ ಹರಡಿ ಹಾಸಿಗೆ ಕೆಳಗೆ ನಿಲ್ಲುತ್ತದೆ. ಸಂದುಗೊಂದಿಯ ಅಂಗಡಿಗಳಲ್ಲಿ ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ತುಂಬಿಸಿಕೊಡುತ್ತಾರಲ್ಲ, ಆ ಕಡೆ ತಲೆ ಹಾಕಬೇಡಿ. ಅದು ಕಾನೂನುಬಾಹಿರ, ತೂಕಕ್ಕೆ ಗ್ಯಾರಂಟಿ ಇಲ್ಲ, ವಾಲ್ವ್ ಪರೀಕ್ಷೆಯೂ ಇಲ್ಲ. ರೀಫಿಲ್ ಬಂದಾಗ ಬಾಯಿಯೊಳಗೆ ರಬ್ಬರ್ ವಾಷರ್ ಇದೆಯೇ ನೋಡಿ, ರೆಗ್ಯುಲೇಟರ್ ಹಾಕಿದ ಮೇಲೆ ಸೋಪಿನ ನೀರು ಸವರಿ. ಬೆಂಕಿಕಡ್ಡಿ ಹಿಡಿದು ನೋಡುವ ಶೂರರು ಈಗಲೂ ಇದ್ದಾರೆ.

ಮೆಸ್ಸಿನ ವಿಷಯ ಬೇಗ ಮುಗಿಯುತ್ತದೆ. ಎರಡು ಹೊತ್ತಿನ ತಿಂಗಳ ದರವನ್ನು ಎಲ್ಲರೂ 60ರಿಂದ ಭಾಗಿಸುತ್ತಾರೆ. ಪ್ರತಿ ವಾರ ಊರಿಗೆ ಹೋಗುವವರು ನಾಲ್ಕು ಊಟ ಬಿಡುತ್ತಾರೆ, ತಿಂಗಳಿಗೆ 16. ತಿನ್ನುವುದು 44. ತಿಂಗಳಿಗೆ 3000 ಅಂದರೆ ಊಟಕ್ಕೆ 50 ಅಲ್ಲ, 68. ಪಾವಗಡದಂಥ ದೂರದ ಕಡೆಯವರು, ತಿಂಗಳಿಗೊಮ್ಮೆ ಊರಿಗೆ ಹೋಗುವವರು ತಿಂಗಳ ಲೆಕ್ಕದಲ್ಲಿ ಸೇರಲಿ. ಉಳಿದವರು ಕೂಪನ್ ಕೊಡುವ ಮೆಸ್ ಹುಡುಕಲಿ. ಎಂಟು ಗಂಟೆಯೊಳಗೆ ಹೋಗಿ, ಒಂಬತ್ತರ ಮೇಲೆ ಸಾರಿನಲ್ಲಿ ಬೇಳೆ ಹುಡುಕಬೇಕು, ಮುದ್ದೆ ಕಲ್ಲಾಗಿರುತ್ತದೆ. ಸೆಮಿಸ್ಟರ್ ಪರೀಕ್ಷೆಯ ಇಪ್ಪತ್ತು ದಿನ ಮಾತ್ರ ಮೆಸ್ಸಿಗೆ ಸಮ ಇಲ್ಲ, ಪಾತ್ರೆ ತೊಳೆಯುವ ಕೆಲಸವಿಲ್ಲ. ಬುಗುಡನಹಳ್ಳಿ ಕೆರೆಯಿಂದ ಊರಿಗೆ ಬಿಡುವ ಹೇಮಾವತಿ ನೀರು ನಲ್ಲಿಗೆ ಬಾರದ ದಿನ ಇದು ಸಣ್ಣ ವಿಷಯವಲ್ಲ. ಎರಡು ಹೊತ್ತಿನ ಪಾತ್ರೆಗೆ ಒಂದೂವರೆ ಬಕೆಟ್ ಬೇಕು. ಹೇಮಾವತಿ ನೀರನ್ನು ಮಾಗಡಿ ಕಡೆಗೆ ಒಯ್ಯುವ ಲಿಂಕ್ ಕೆನಾಲ್ ಗಲಾಟೆ ಬರೀ ರೈತರದ್ದು ಅಂದುಕೊಂಡವರು ಮೇ ತಿಂಗಳಲ್ಲಿ ಒಂದು ವಾರ ರೂಮಿನಲ್ಲಿ ಅಡುಗೆ ಮಾಡಿ ನೋಡಲಿ.

ಇಂದಿರಾ ಕ್ಯಾಂಟೀನ್‌ನಲ್ಲಿ ತಿಂಡಿ 5 ರೂ., ಊಟ 10 ರೂ. ಹತ್ತಿರ ಇದ್ದರೆ ಬೆಳಗಿನ ತಿಂಡಿಗೆ ಒಲೆಯೇ ಬೇಡ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದವರು ವಿದ್ಯಾಸಿರಿಗೆ ಅರ್ಜಿ ಹಾಕಿ, ಊಟ-ವಸತಿಗೆಂದು ಸರ್ಕಾರದ ನೆರವು 10 ತಿಂಗಳು ಬರುತ್ತದೆ.

ಸಬ್ ಮೀಟರ್ ಇರುವ, 6 ಆಂಪಿಯರ್ ಪಾಯಿಂಟಿನ ರೂಮಿಗೆ ನಮ್ಮ ಆಯ್ಕೆ: ರೈಸ್ ಕುಕ್ಕರ್ ಜೊತೆಗೆ 1200 ವಾಟ್‌ನ ಇಂಡಕ್ಷನ್, ಎರಡನ್ನೂ ಒಟ್ಟಿಗೆ ಹಾಕಬಾರದು. ಪರೀಕ್ಷೆಗೆ ಮೆಸ್ ಕೂಪನ್.

ಹೊಸದು ಕೊಳ್ಳುವ ಮೊದಲು ರೂಮ್ ಖಾಲಿ ಮಾಡುವ ಸೀನಿಯರ್‌ಗಳನ್ನು ಕೇಳಿ. ಹಳೆಯ ಇಂಡಕ್ಷನ್ ತಗೊಳ್ಳುವಾಗ ಗಾಜಿನ ಮೇಲೆ ಉಗುರು ಎಳೆದು ನೋಡಿ. ಕೂದಲೆಳೆಯಷ್ಟು ಬಿರುಕು ಸಿಕ್ಕರೂ ಬೇಡ, ಹಾಲು ಉಕ್ಕಿದ ದಿನ ಒಳಗೆ ಇಳಿಯುತ್ತದೆ. ಕೆಳಗಿನ ಫ್ಯಾನ್ ತಿರುಗುವ ಸದ್ದು ಕೇಳಿಸಬೇಕು. ಒಂದು ಲೀಟರ್ ನಲ್ಲಿ ನೀರನ್ನು ಮುಚ್ಚಳ ಹಾಕಿ 1200 ವಾಟ್‌ಗೆ ಇಡಿ, ಐದಾರು ನಿಮಿಷದಲ್ಲಿ ಕುದಿಯಬೇಕು. ಎಂಟು ದಾಟಿದರೆ ಬೇರೆ ಪಾಯಿಂಟಿನಲ್ಲಿ ಒಮ್ಮೆ ನೋಡಿ, ಸಂಜೆ ವೋಲ್ಟೇಜ್ ಇಳಿದಿರಬಹುದು. ಅಲ್ಲೂ ಅಷ್ಟೇ ಹೊತ್ತು ಹಿಡಿದರೆ ಸೀನಿಯರ್‌ಗೇ ವಾಪಸ್ ಕೊಟ್ಟುಬಿಡಿ.